ಗೋಡೆ ಎತ್ತರಿಸಿದರೆ ಕೊಲೆ ಕಮ್ಮಿಯಾಗುತ್ತಾ?

"ಬಡವರು ಜಾಸ್ತಿ ಇರೋ ಕಡೆ ಕೊಲೆನೂ ಜಾಸ್ತಿ ಬಿಡಿ." ಆಫೀಸಿನ ಕ್ಯಾಂಟೀನಿನಲ್ಲಿ, ಕ್ಯಾಬಿನಲ್ಲಿ, ನೆಂಟರ ಮನೆಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರೇನಲ್ಲ, ನಿಮ್ಮಂತೆ ನನ್ನಂತೆ ಓದಿದವರೇ. ಆದರೆ ಈ ಮಾತು ಸುಳ್ಳು. ಅದಕ್ಕಿಂತ ಹೆಚ್ಚಾಗಿ, ಅಪಾಯಕಾರಿ ಸುಳ್ಳು.

ಅಂಕಿಗಳನ್ನೇ ನೋಡಿ. 2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ದಕ್ಷಿಣ ಆಫ್ರಿಕಾದಲ್ಲಿ 2022-23ರ ಒಂದು ವರ್ಷದಲ್ಲಿ ದಾಖಲಾದ ಕೊಲೆಗಳು 27,494. ಹೆಚ್ಚುಕಮ್ಮಿ ಸಮ, ಅಲ್ವಾ? ಆದರೆ ನಾವು 140 ಕೋಟಿ ಜನ, ಅವರು ಬರೀ 6 ಕೋಟಿ! ತಲಾ ಆದಾಯದಲ್ಲಿ ಅವರು ನಮ್ಮ ಎರಡು ಪಟ್ಟಿಗೂ ಮೇಲಿದ್ದಾರೆ. ಬಡತನವೇ ಕೊಲೆ ಮಾಡಿಸೋದಾದರೆ ಲೆಕ್ಕ ಉಲ್ಟಾ ಇರಬೇಕಿತ್ತು. ಆ ದೇಶ ಜಗತ್ತಿಗೇ ಮುಂದಿರುವುದು ಬಡತನದಲ್ಲಲ್ಲ, ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರದಲ್ಲಿ. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಅದರ ಗಿನಿ ಸೂಚ್ಯಂಕ 63. ಎಲ್ಲರೂ ಸಮಾನರಾದರೆ 0, ಒಬ್ಬನೇ ಎಲ್ಲವನ್ನೂ ನುಂಗಿದರೆ 100.

ಈ ಅಂತರ ತಾನಾಗಿ ಹುಟ್ಟಿದ್ದಲ್ಲ. 1966ರಲ್ಲಿ ಕೇಪ್‌ಟೌನಿನ ನಡುವಿದ್ದ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು ಬಿಳಿಯರಿಗೆ ಮಾತ್ರ ಎಂದು ಸರ್ಕಾರ ಘೋಷಿಸಿತು. ಸುಮಾರು 60,000 ಜನರನ್ನು ಎತ್ತಂಗಡಿ ಮಾಡಿ ಊರಾಚೆಯ ಮರಳುಬಯಲಿಗೆ ದಬ್ಬಿತು. ನೆರೆಹೊರೆ, ಬಂಧುಬಳಗ ಚೆಲ್ಲಾಪಿಲ್ಲಿಯಾದ ಆ ಬಯಲಿನಲ್ಲಿ ಗ್ಯಾಂಗುಗಳು ಬೆಳೆದವು. ಇವತ್ತು ಶ್ರೀಮಂತ ಬಡಾವಣೆಗಳಲ್ಲಿ ವಿದ್ಯುತ್ ಬೇಲಿ, ಖಾಸಗಿ ಗಾರ್ಡುಗಳು. ಹೆಣ ಬೀಳುವುದು ಮಾತ್ರ ಹೆಚ್ಚಾಗಿ ನ್ಯಾಂಗಾ, ಖಾಯೆಲಿತ್ಶಾದಂಥ ಕಡೆ. ಗೋಡೆ ಸಾವನ್ನು ತಡೆಯಲಿಲ್ಲ, ಅದು ಯಾರ ಮನೆಗೆ ಹೋಗಬೇಕು ಅಂತ ವಿಳಾಸ ಬರೆದುಕೊಟ್ಟಿತು ಅಷ್ಟೆ.

ಪೊಲೀಸರೂ ಗೋಡೆಯ ಈಚೆಗೇ ನಿಂತರು. ಕೊಲೆ ಹೆಚ್ಚಿರುವ ಬಡ ಬಡಾವಣೆಗಳಿಗೇ ಪೊಲೀಸ್ ಸಿಬ್ಬಂದಿ ಕಮ್ಮಿ ಎಂದು 2014ರಲ್ಲಿ ಖಾಯೆಲಿತ್ಶಾ ಆಯೋಗ ವರದಿ ಕೊಟ್ಟಿತು. ಈ ಹಂಚಿಕೆ ಕಪ್ಪುಜನರಿಗೂ ಬಡವರಿಗೂ ಮಾಡುವ ತಾರತಮ್ಯ ಎಂದು 2018ರಲ್ಲಿ ನ್ಯಾಯಾಲಯವೇ ಹೇಳಿತು.

ಬಂದೂಕು, ಕುಡಿತ ಕಾರಣವಲ್ವಾ ಅಂತೀರಾ? ಖಂಡಿತ ಹೌದು. ನಮ್ಮಲ್ಲಿ ಅಸಮಾನತೆ ಇಲ್ವಾ? ಬೇಕಾದಷ್ಟಿದೆ. ಅದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಅಮೆರಿಕದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಲೆಗಾರರ ಜೊತೆ ಮಾತಾಡಿದ ಮನೋವೈದ್ಯ ಜೇಮ್ಸ್ ಗಿಲಿಗನ್ ಹಿಂಸೆಯ ಬೇರನ್ನು ಕಂಡದ್ದು ಹಸಿವಿನಲ್ಲಲ್ಲ, ಅವಮಾನದಲ್ಲಿ. ಆ ಅವಮಾನವನ್ನು ದಿನಾ ತಯಾರಿಸುವ ಕಾರ್ಖಾನೆಯ ಹೆಸರೇ ಅಸಮಾನತೆ.

ಇದಕ್ಕೆ ಮದ್ದೇ ಇಲ್ಲವೆಂದಲ್ಲ. 1991ರಲ್ಲಿ ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ ಲಕ್ಷಕ್ಕೆ ಸುಮಾರು 380 ಜನ ಕೊಲೆಯಾಗುತ್ತಿದ್ದರು. 2004ರಲ್ಲಿ ಆ ನಗರ ಗುಡ್ಡದ ಮೇಲಿನ ಬಡ ಬಡಾವಣೆಗಳನ್ನು ಕೇಬಲ್ ಕಾರಿನಿಂದ ಮೆಟ್ರೋಗೆ ಜೋಡಿಸಿತು. ಜೊತೆಗೆ ಬೀದಿದೀಪ, ಪಾರ್ಕು, ಗ್ರಂಥಾಲಯ. ಕೊಲೆಗಳು ಊರಿಗೆಲ್ಲ ಇಳಿಯುತ್ತಿದ್ದವು, ನಿಜ. ಆದರೆ ಈ ಸೌಲಭ್ಯ ಸಿಕ್ಕ ಬಡಾವಣೆಗಳಲ್ಲಿ ಇಳಿಕೆ ಸಿಗದ ಬಡಾವಣೆಗಳಿಗಿಂತ ಶೇ. 66ರಷ್ಟು ಹೆಚ್ಚು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ನಾವು ಬೆಂಗಳೂರಿನಲ್ಲಿ ಏನು ಕಟ್ಟುತ್ತಿದ್ದೇವೆ? ಮನೆಕೆಲಸದವರಿಗೆ ಬೇರೆ ಲಿಫ್ಟು, ಹೊರಡುವಾಗ ಅವರ ಚೀಲ ತಪಾಸಣೆ. ಇದಕ್ಕೆ ಸೆಕ್ಯುರಿಟಿ ಅಂತ ಹೆಸರಿಟ್ಟು ತಿಂಗಳಾ ತಿಂಗಳಾ ಮೇಂಟೆನೆನ್ಸ್ ಕಟ್ಟುತ್ತೇವೆ. ಈ ದುಡ್ಡಿನಲ್ಲಿ ಕೊಳ್ಳುತ್ತಿರುವುದು ಸುರಕ್ಷತೆಯಲ್ಲ ಕಣ್ರೀ, ಅವಮಾನ, ಅದೂ ಇನ್ನೊಬ್ಬರದ್ದು. ಸುರಕ್ಷಿತ ನಗರ ಬೇಕಾದರೆ ಗೇಟಿನಾಚೆಯ ಬಸ್ಸು, ಶಾಲೆ, ಬೀದಿದೀಪಕ್ಕಾಗಿ ಗಲಾಟೆ ಮಾಡೋಣ. ಕತ್ತಲಲ್ಲಿ ನಡೆದು ಮನೆ ಸೇರುವ ಹೆಣ್ಣುಮಗಳು ಸುರಕ್ಷಿತವಾಗದ ಹೊರತು ಊರು ಸುರಕ್ಷಿತ ಅನ್ನೋದಕ್ಕೆ ನಮಗೆ ಬಾಯಿಲ್ಲ.