ಯುವನಿಧಿಯ ಜೊತೆಗೆ ನೇಮಕಾತಿಯ ದಿನಾಂಕವೂ ಬೇಕು

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿಗೆ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿದ್ದು 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ; ಕೆಲಸ ಸಿಗುವವರೆಗೆ, ಹೆಚ್ಚೆಂದರೆ ಎರಡು ವರ್ಷ. ಇದನ್ನು ಬಿಟ್ಟಿ ಭಾಗ್ಯವೆಂದು ಹಳಿಯುವುದು ಅನ್ಯಾಯ. ಓದು ಮುಗಿಸಿ ಆರು ತಿಂಗಳಾದರೂ ಕೆಲಸವಿಲ್ಲದೆ ಕೂತವರಿಗೆ ಅರ್ಜಿ ಶುಲ್ಕಕ್ಕೂ ಅಪ್ಪನ ಮುಂದೆ ಕೈಚಾಚುವ ಸಂಕಟ ಸಣ್ಣದಲ್ಲ.

ಆದರೆ ಆ ಎರಡು ವರ್ಷದಲ್ಲಿ ಸರ್ಕಾರ ತನ್ನದೇ ಒಂದು ನೇಮಕಾತಿಯನ್ನಾದರೂ ಮುಗಿಸುತ್ತದೆಯೇ?

545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆಯ ದಿನ ಬಂದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಮತ್ತೆ ಮೊದಲಿನಿಂದ ಓದಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅರ್ಥವೇ ಆಗದಷ್ಟು ತಪ್ಪಾಗಿದ್ದವು. ಡಿಸೆಂಬರ್‌ನ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳೇ. ಕನ್ನಡದಲ್ಲೇ ಓದಿ ಬಂದ ಹಳ್ಳಿಯ ಮಕ್ಕಳಿಗೆ ಕರ್ನಾಟಕದ ಆಯೋಗವೇ ಹೀಗೆ ಮಾಡಿದರೆ ಅವರು ಯಾರನ್ನು ಕೇಳಬೇಕು?

ಧಾರವಾಡದ ಸಪ್ತಾಪುರಕ್ಕೆ ಹೋದರೆ ಈ ವಿಳಂಬದ ಬೆಲೆ ಕಣ್ಣಿಗೆ ಬೀಳುತ್ತದೆ. ಕೋಚಿಂಗ್ ಸೆಂಟರ್, ಪಿಜಿ, ಖಾನಾವಳಿ, ದಿನವಿಡೀ ತೆರೆದಿರುವ ಓದುವ ಕೊಠಡಿ. ಪರೀಕ್ಷೆ ಮುಂದೆ ಹೋದಾಗಲೆಲ್ಲ ಕೊಠಡಿಯ ಬಾಡಿಗೆಯೂ ಊಟದ ಖರ್ಚೂ ಮುಂದುವರಿಯುತ್ತವೆ. ಊರಲ್ಲಿ ಹೊಲ ನೋಡಿಕೊಳ್ಳುವವರು ಅದನ್ನು ಹೊಂದಿಸಬೇಕು. ಹೆಣ್ಣುಮಕ್ಕಳಾದರೆ ಮನೆಯವರು ಮದುವೆಯ ಮಾತು ಎತ್ತುವುದರೊಳಗೆ ಫಲಿತಾಂಶ ಬರಬೇಕು. ವಯೋಮಿತಿ ಮಾತ್ರ ಯಾರಿಗೂ ಕಾಯುವುದಿಲ್ಲ.

ಯುವನಿಧಿಯ ನಿಯಮದಲ್ಲೂ ಒಂದು ತೊಡಕಿದೆ. ಅಪ್ರೆಂಟಿಸ್ ವೇತನ ಪಡೆಯುವವರಿಗೆ, ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಈ ಹಣವಿಲ್ಲ. ಅಂದರೆ ಸುಮ್ಮನೆ ಕಾಯುವವರಿಗೆ ನೆರವು, ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಹೋದವರಿಗೆ ಇಲ್ಲ. ಐಟಿಐ ಮುಗಿಸಿದವರಂತೂ ಈ ಯೋಜನೆಯ ಲೆಕ್ಕಕ್ಕೇ ಬರುವುದಿಲ್ಲ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ ರಾಜ್ಯವೇ ಅಲ್ಲಿಂದ ಹೊರಬಂದ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳನ್ನು ಹೊರಗಿಟ್ಟದ್ದು ಸರಿಯಲ್ಲ. ಅಪ್ರೆಂಟಿಸ್ ಕಲಿಕೆಯ ಅವಧಿಯಲ್ಲೂ ಭತ್ಯೆ ಅರ್ಧದಷ್ಟಾದರೂ ಮುಂದುವರಿಯಲಿ. ಬಾಡಿಗೆ ಕೊಟ್ಟುಕೊಂಡು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ಉಳಿಯಬೇಕಾದ ರಾಯಚೂರಿನ ಹುಡುಗನಿಗೆ ಆ ಹಣವೇ ದೊಡ್ಡ ಆಸರೆ.

ಯುಪಿಎಸ್‌ಸಿ ಪ್ರತಿವರ್ಷ ತನ್ನ ಪರೀಕ್ಷಾ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ. ಕೆಪಿಎಸ್‌ಸಿಯೂ ಅಧಿಸೂಚನೆ, ಪರೀಕ್ಷೆ, ಫಲಿತಾಂಶ, ನೇಮಕಾತಿ ಆದೇಶ ಈ ನಾಲ್ಕಕ್ಕೂ ದಿನಾಂಕ ಘೋಷಿಸಿ, ಅದಕ್ಕೆ ಬದ್ಧವಾಗಿರಬೇಕು. ತಪ್ಪು ಸರ್ಕಾರದ್ದಾಗಿ ಪರೀಕ್ಷೆ ತಡವಾದರೆ, ಅಷ್ಟು ಅವಧಿಯ ವಯೋಮಿತಿ ಸಡಿಲಿಕೆ ತಾನಾಗಿ ಸಿಗುವಂತೆ ನೇಮಕಾತಿ ನಿಯಮದಲ್ಲೇ ಬರೆಯಬೇಕು. ಅದಕ್ಕಾಗಿ ಅಭ್ಯರ್ಥಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವಂತಾಗಬಾರದು.