ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿದ್ದು ನಿಜ, ಬ್ಯಾಂಕ್ ಬೀಗ ಒಡೆದಿದ್ದು ಸುಳ್ಳು

‘ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿದೆ, ಇನ್ನು ಯಾರ ಬ್ಯಾಂಕ್ ಖಾತೆಯೂ ಭದ್ರವಲ್ಲ’ ಎಂಬ ಫಾರ್ವರ್ಡ್ ದೋಣಿಗಲ್‌ನಲ್ಲಿರುವ ನಮ್ಮ ಚಿಕ್ಕಮ್ಮನ ಫೋನಿಗೂ ಬಂದಿದೆ. ‘ಫೋನಲ್ಲಿ ದುಡ್ಡು ಕಳ್ಸೋದು ನಿಲ್ಸಿಬಿಡ್ಲಾ?’ ಎಂದು ಕೇಳಿದರು. ನಿಲ್ಲಿಸಬೇಕಿಲ್ಲ.

ಸಂಖ್ಯೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಕಂಡುಹಿಡಿದವರು ಅಮೆರಿಕದ ಲ್ಯೂಕ್ ಡ್ಯುರಾಂಟ್; ‘ಜಿಂಪ್ಸ್’ ಎಂಬ ಸ್ವಯಂಸೇವಕರ ಹುಡುಕಾಟದಲ್ಲಿ ಅವರೂ ಒಬ್ಬರು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಆ ಸಂಖ್ಯೆ. ಅದರಲ್ಲಿರುವ ಅಂಕಿಗಳು 4,10,24,320. ಸೆಕೆಂಡಿಗೊಂದು ಅಂಕಿಯಂತೆ ನಿದ್ದೆಯಿಲ್ಲದೆ ಓದಿದರೂ 475 ದಿನ ಬೇಕು.

ಇಷ್ಟು ದೊಡ್ಡದಾದರೂ ಅದರ ಕೊನೆಯ ಅಂಕಿಯನ್ನು ನೀವೇ ಹೇಳಬಹುದು. ಎರಡನ್ನು ಗುಣಿಸುತ್ತ ಹೋದಂತೆ ಕೊನೆಯಲ್ಲಿ 2, 4, 8, 6 ಸರದಿಯಂತೆ ಬರುತ್ತವೆ. 13,62,79,841ನ್ನು ನಾಲ್ಕರಿಂದ ಭಾಗಿಸಿದರೆ ಶೇಷ 1, ಅಂದರೆ ಸರದಿಯ ಮೊದಲನೆಯದು, 2. ಅದರಲ್ಲಿ ಒಂದು ಕಳೆದರೆ 1. ಆದರೆ ಈ ರೀತಿ ಮಾಡಿದ ಸಂಖ್ಯೆಗಳೆಲ್ಲ ಅವಿಭಾಜ್ಯವಲ್ಲ. ಏಳು ಎರಡುಗಳಿಂದ 127 ಬರುತ್ತದೆ, ಅದು ಅವಿಭಾಜ್ಯ. ಹನ್ನೊಂದರಿಂದ ಬರುವ 2047 ಮಾತ್ರ 23 ಮತ್ತು 89ರ ಗುಣಲಬ್ಧ.

ಬ್ಯಾಂಕಿನ ಬೀಗದ ಗುಟ್ಟು ಇದೇ 2047ರಲ್ಲಿದೆ. 23ನ್ನು 89ರಿಂದ ಗುಣಿಸಲು ಅರ್ಧ ನಿಮಿಷ ಸಾಕು. ಬರೀ 2047 ಕೊಟ್ಟು ಒಡೆಯಿರಿ ಎಂದರೆ ತಡಕಾಡಬೇಕು. ಆರ್‌ಎಸ್‌ಎ ಎಂಬ ಬೀಗದಲ್ಲಿ ಸುಮಾರು 300 ಅಂಕಿಯ ಎರಡು ಅವಿಭಾಜ್ಯಗಳನ್ನು ಗುಟ್ಟಾಗಿ ಆರಿಸಿ, ಗುಣಲಬ್ಧವನ್ನಷ್ಟೇ ಬಹಿರಂಗಪಡಿಸುತ್ತಾರೆ. ಆ ಗಾತ್ರದಲ್ಲಿ ಸರಾಸರಿ 700 ಸಂಖ್ಯೆಗೊಂದು ಅವಿಭಾಜ್ಯ ಸಿಗುತ್ತದೆ, ಹಾಗಾಗಿ ಆರಿಸಲು ಬರವಿಲ್ಲ. ಡ್ಯುರಾಂಟ್ ಅವರ ಸಂಖ್ಯೆಯೋ ಇಡೀ ಜಗತ್ತಿಗೇ ಗೊತ್ತು. ಊರಿಗೆಲ್ಲ ತೋರಿಸಿದ ಕೀಲಿಯಿಂದ ಯಾರೂ ಬೀಗ ಹಾಕುವುದಿಲ್ಲ, ಅದರಿಂದ ಬೇರೆಯವರ ಬೀಗ ತೆರೆಯುವುದೂ ಇಲ್ಲ.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸುವುದು ಬೇರೆ, ಅದನ್ನು ಒಡೆಯುವುದು ಬೇರೆ. ಫಾರ್ವರ್ಡ್ ಎಡವಿದ್ದು ಇಲ್ಲೇ. ಪರೀಕ್ಷೆಗೆ ವೇಗದ, ಖಚಿತ ವಿಧಾನವಿದೆ ಎಂದು 2002ರಲ್ಲಿ ಸಾಧಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಇವರಲ್ಲಿ ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು. ಆ ಸಾಧನೆಯ ನಂತರವೂ ಬೀಗಗಳು ಗಟ್ಟಿಯಾಗೇ ಉಳಿದವು. 2020ರಲ್ಲಿ 250 ಅಂಕಿಯ ಒಂದು ಆರ್‌ಎಸ್‌ಎ ಸಂಖ್ಯೆಯನ್ನು ಒಡೆಯಲು ಸಾವಿರಾರು ಕಂಪ್ಯೂಟರ್ ಕೋರ್‌ಗಳು ತಿಂಗಳುಗಟ್ಟಲೆ ದುಡಿಯಬೇಕಾಯಿತು. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವುದು 617 ಅಂಕಿಯವು.

ಚಿಕ್ಕಮ್ಮನಿಗೆ ಬಂದ ಮೆಸೇಜಿನ ಕೆಳಗೆ ‘ಖಾತೆ ಭದ್ರಪಡಿಸಲು ಇಲ್ಲಿ ಒತ್ತಿ’ ಎಂಬ ಲಿಂಕ್ ಇತ್ತು. ನನಗೆ ಭಯವಾಗಿದ್ದು ಅದನ್ನು ಕಂಡು. ಅಲ್ಲಿ ಪಿನ್ ಹಾಕಿದರೆ ಕಳ್ಳರಿಗೆ ಸಂಖ್ಯೆ ಒಡೆಯುವ ಕೆಲಸವೇ ಇರುವುದಿಲ್ಲ. ಹಾಗೆ ಒತ್ತಿ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.