ಮೊದಲ ಸೀಟಿನ ಲೆಕ್ಕ

ದಿನದ ಮೊದಲ ವ್ಯಾಪಾರವನ್ನು ನಾವು ಬೋಣಿ ಎನ್ನುತ್ತೇವೆ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ನಾಲ್ಕು ಕಾಸು ಬಿಟ್ಟಾದರೂ ಸರಕು ಕೊಡುವುದು ನಮ್ಮ ಪೇಟೆಗಳ ಹಳೆಯ ಸಂಪ್ರದಾಯ. ಸಿದ್ಧ ಸರಕನ್ನು ಮಾರುವ ವ್ಯಾಪಾರಸ್ಥರಿಗೆ ಇದರಿಂದ ಆಗುವ ನಷ್ಟ ಅಲ್ಪ. ಖರೀದಿ ಬೆಲೆ ಅವರಿಗೆ ಮೊದಲೇ ತಿಳಿದಿರುತ್ತದೆ. ಎಷ್ಟು ಬಿಡಬಹುದೆಂಬುದೂ ತಿಳಿದಿರುತ್ತದೆ. ಆದರೆ ತಾನು ಹಿಂದೆಂದೂ ತಯಾರಿಸಿರದ ವಸ್ತುವಿಗೆ ಮೊದಲ ಆರ್ಡರು ಪಡೆದ ಸಣ್ಣ ತಯಾರಕನು ಇದೇ ಮನೋಭಾವದಿಂದ ಬೆಲೆ ಹೇಳಿದರೆ ಪರಿಣಾಮ ಬೇರೆಯೇ ಆಗುತ್ತದೆ. ಇದನ್ನು ವೃತ್ತಿಯಲ್ಲಿ ನಾನು ಅನೇಕ ಬಾರಿ ಕಂಡಿದ್ದರೂ ಸ್ಪಷ್ಟವಾಗಿ ಅರಿತದ್ದು ಒಂದು ಮೋಟಾರ್ ಸೈಕಲ್ ಸೀಟಿನ ಮೂಲಕ. ಆ ಪ್ರಸಂಗದಲ್ಲಿ ಗಿರಾಕಿ ನಾನೇ ಆಗಿದ್ದೆ.

ಪ್ರಸಂಗ

ನನ್ನ ಬಳಿ 1993ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ವಾಹನವೊಂದಿದೆ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಆ ವಾಹನಗಳನ್ನು ಜತನದಿಂದ ಉಳಿಸಿಕೊಂಡವರು ಮೈಸೂರು, ಬೆಂಗಳೂರುಗಳಲ್ಲಿ ಇಂದಿಗೂ ಸಾಕಷ್ಟಿದ್ದಾರೆ. ನನ್ನ ವಾಹನದ ಸೀಟಿನ ರೆಕ್ಸಿನ್ ಹರಿದು, ಒಳಗಿನ ಫೋಮ್ ಪುಡಿಯಾಗಿತ್ತು. ಈ ಬಾರಿ ನಿಜವಾದ ಚರ್ಮದ ಸೀಟನ್ನೇ ಮಾಡಿಸಬೇಕೆಂದು ನಿಶ್ಚಯಿಸಿ, ಇಪ್ಪತ್ತು ವರ್ಷಗಳಿಂದ ಸೀಟ್ ಕವರ್ ಹೊಲಿಯುತ್ತಿರುವ ಪರಿಚಿತ ಕುಶಲಕರ್ಮಿಯೊಬ್ಬರ ಬಳಿಗೆ ಹೋದೆ. ರೆಕ್ಸಿನ್ ಕೆಲಸದಲ್ಲಿ ಅವರದು ನುರಿತ ಕೈ. ಚರ್ಮದಲ್ಲಿ ಮಾತ್ರ ಅದುವರೆಗೆ ಒಂದು ಸೀಟನ್ನೂ ಮಾಡಿರಲಿಲ್ಲ. “ಮಾಡಿ ಕೊಡ್ತೀನಿ ಸಾರ್, 4,500 ಆಗುತ್ತೆ” ಎಂದರು. ನಾನು ಅಭ್ಯಾಸಬಲದಿಂದ 500 ರೂಪಾಯಿ ಕಡಿಮೆ ಮಾಡಿಸಿದೆ. “ಆಗಲಿ ಸಾರ್, ಮೊದಲನೇದು, ಬೋಣಿ ಅಂದ್ಕೋತೀನಿ” ಎಂದು ಒಪ್ಪಿದರು.

ಸೀಟು ಸಿದ್ಧವಾಗಲು ಐದು ವಾರ ಹಿಡಿಯಿತು. ಕೊನೆಗೆ ಕೈಗೆ ಬಂದ ಸೀಟು ಸೊಗಸಾಗಿತ್ತು. ಆದರೆ ಹಣ ಕೊಡುವಾಗ ಅವರು ಹೇಳಿದ ಮಾತು ನನ್ನನ್ನು ಕಾಡಿತು: “ಇನ್ನು ಮೇಲೆ ಚರ್ಮದ ಸಹವಾಸ ಬೇಡ ಸಾರ್.” ಒಂದು ಹೊಸ ಕಸುಬನ್ನು ಕಷ್ಟಪಟ್ಟು ಕಲಿತ ದಿನವೇ ಅದನ್ನು ಕೈಬಿಡುವ ನಿರ್ಧಾರ ಅವರದಾಗಿತ್ತು. ಕಾರಣವೇನೆಂದು ತಿಳಿಯಲು ಅಂದು ಸಂಜೆ ಅವರ ಅಂಗಡಿಯಲ್ಲಿಯೇ ಕುಳಿತು ಲೆಕ್ಕ ಬರೆದೆವು.

ಚರ್ಮ ರೆಕ್ಸಿನ್ ಅಲ್ಲ

ಲೆಕ್ಕಕ್ಕೆ ಮುನ್ನ ಸಾಮಗ್ರಿಯ ಸ್ವಭಾವವನ್ನು ಅರಿಯುವುದು ಅವಶ್ಯಕ. ರೆಕ್ಸಿನ್ ಉರುಳೆಯಲ್ಲಿ ಬರುತ್ತದೆ. ಅದರ ಅಗಲ, ದಪ್ಪ, ಎಳೆತ ಎಲ್ಲೆಡೆ ಒಂದೇ. ಬೇಕಾದಷ್ಟು ಮೀಟರು ಕತ್ತರಿಸಿ ತರಬಹುದು. ಚರ್ಮ ಮಾರಾಟವಾಗುವುದು ಚದರಡಿಯ ಲೆಕ್ಕದಲ್ಲಿ. ಆದರೆ ಅಂಗಡಿಯವರು ಎಂಟು ಚದರಡಿ ಕತ್ತರಿಸಿ ಕೊಡಲು ಒಪ್ಪಲಿಲ್ಲ. ಬೆನ್ನಿನುದ್ದಕ್ಕೂ ಸೀಳಿದ ಅರ್ಧ ತೊಗಲನ್ನು, ಅಂದರೆ ಸುಮಾರು 20 ಚದರಡಿಯನ್ನು, ಇಡಿಯಾಗಿ ಕೊಳ್ಳಬೇಕಾಯಿತು. ಆ ತೊಗಲಿನ ಅಂಚು ವಕ್ರ. ಅಲ್ಲಲ್ಲಿ ಗೀರು, ಉಣ್ಣೆ ಕಚ್ಚಿದ ಕಲೆ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲ, ಕುತ್ತಿಗೆಯ ಭಾಗದಲ್ಲಿ ಸುಕ್ಕು. ನಮ್ಮ ಕುಶಲಕರ್ಮಿಯವರು ರೆಕ್ಸಿನ್ ಅಭ್ಯಾಸದಂತೆ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಕತ್ತರಿಸಿದರು. ಸೀಟಿನ ಎರಡು ಪಕ್ಕದ ಪಟ್ಟಿಗಳು ಹೊಟ್ಟೆಯ ಭಾಗದಿಂದ ಬಂದವು. ಫೋಮ್ ಮೇಲೆ ಎಳೆದು ಕೂರಿಸಿದಾಗ ಒಂದು ಪಟ್ಟಿ ಹಿಗ್ಗಿ ಜೋಲುಬಿದ್ದಿತು.

ರೆಕ್ಸಿನ್ನಿನಲ್ಲಾದರೆ ಹೊಲಿಗೆ ಬಿಚ್ಚಿ ಸ್ವಲ್ಪ ಒಳಗೆ ಹಿಡಿದು ಮತ್ತೆ ಹೊಲಿದು ಸುಧಾರಿಸುವ ಸಂದರ್ಭಗಳಿರುತ್ತವೆ. ಚರ್ಮದಲ್ಲಿ ಸೂಜಿ ಇಳಿದ ತೂತು ಮುಚ್ಚುವುದಿಲ್ಲ. ಕಾಣುವ ಜಾಗದಲ್ಲಿ ಹೊಲಿಗೆ ತಪ್ಪಿದರೆ ಆ ತುಂಡೇ ಹೋಯಿತು. ಹೊಲಿಗೆಯನ್ನು ತೀರ ಒತ್ತಾಗಿ ಹಾಕಿದರೆ ಅಂಚೆ ಚೀಟಿಯ ಅಂಚಿನಂತೆ ತೂತಿನ ಸಾಲಿನುದ್ದಕ್ಕೂ ಹರಿಯುವ ಭಯ. ಅಂಚುಗಳನ್ನು ಒಳಭಾಗದಿಂದ ಹೆರೆದು ತೆಳುಗೊಳಿಸದಿದ್ದರೆ ನಾಲ್ಕು ಪದರ ಸೇರುವೆಡೆ ಗಂಟು ಏಳುತ್ತದೆ. ಕುಳಿತವನಿಗೆ ಅದು ಒತ್ತುತ್ತದೆ. ಸಾಧಾರಣ ಹೊಲಿಗೆ ಯಂತ್ರದಲ್ಲಿ ಕೆಳಪದರ ಮಾತ್ರ ಸರಿದು ಮೇಲಿನ ಪದರ ಹಿಂದುಳಿಯುವುದರಿಂದ, ಪಾದವೂ ಪದರದೊಂದಿಗೆ ಮುಂದೆ ಸರಿಯುವ ವಾಕಿಂಗ್ ಫುಟ್ ಯಂತ್ರ ಬೇಕಾಯಿತು. ಅದು ಅವರಲ್ಲಿತ್ತು. ಆದರೆ ಚರ್ಮಕ್ಕೆಂದೇ ಇರುವ, ಮೊನೆಯು ಅಲಗಿನಂತಿರುವ ಸೂಜಿ ಇರಲಿಲ್ಲ. ಹತ್ತಿ ದಾರ ಮಳೆಗೆ ಕೊಳೆಯುತ್ತದೆಂದು ಎರಡನೆಯ ಬಾರಿಗೆ ನೈಲಾನ್ ದಾರ ತಂದರು. ಹೊಲಿಗೆಯ ತೂತುಗಳ ಮೂಲಕ ನೀರು ಫೋಮಿಗೆ ಇಳಿಯದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಹಾಸಬೇಕೆಂಬುದೂ ಆಮೇಲೆ ಹೊಳೆಯಿತು. ಇವುಗಳಲ್ಲಿ ಒಂದೂ ರಹಸ್ಯವಲ್ಲ. ಆದರೆ ಪ್ರತಿಯೊಂದನ್ನೂ ಅವರು ಸ್ವಂತ ಖರ್ಚಿನಲ್ಲಿ ಕಲಿತರು.

ಲೆಕ್ಕ ಹೇಳಿದ್ದೇನು

ಅವರ ಮನಸ್ಸಿನಲ್ಲಿದ್ದ ಅಂದಾಜು ಹೀಗಿತ್ತು: ಚರ್ಮ 8 ಚದರಡಿ, 160 ರೂಪಾಯಿಯಂತೆ 1,280, ಫೋಮ್, ದಾರ, ಅಂಟು 600, ಕೂಲಿ 8 ಗಂಟೆ, 125 ರೂಪಾಯಿಯಂತೆ 1,000. ಒಟ್ಟು 2,880. ಒಪ್ಪಿದ ಬೆಲೆ 4,000 ಆದ್ದರಿಂದ 1,120 ರೂಪಾಯಿ ಉಳಿಯಬೇಕಾಗಿತ್ತು.

ನಡೆದದ್ದು ಹೀಗೆ: ಚರ್ಮ ಎರಡು ಬಾರಿ ಕತ್ತರಿಸಿ 16 ಚದರಡಿ, 2,560, ಫೋಮ್, ದಾರ, ಮುರಿದ ಸೂಜಿ ಇತ್ಯಾದಿ 900, ಕೂಲಿ 26 ಗಂಟೆ, 3,250. ಒಟ್ಟು 6,710. ಅಂಗಡಿ ಬಾಡಿಗೆ, ವಿದ್ಯುತ್ತು ಸೇರಿಸದೆಯೇ 2,710 ರೂಪಾಯಿ ನಷ್ಟ. ನಾನು ಚೌಕಾಸಿ ಮಾಡಿ ಉಳಿಸಿದ 500 ರೂಪಾಯಿಯೂ ಇದರಲ್ಲಿ ಸೇರಿತ್ತು.

ಇಷ್ಟು ಬರೆದಾಗ ಅವರ ನಿರ್ಧಾರ ಸರಿಯೆಂದೇ ತೋರುತ್ತದೆ. ಆದರೆ ಅಂದಾಜಿಗಿಂತ ಹೆಚ್ಚಾದ 3,830 ರೂಪಾಯಿಯನ್ನು ಬಿಡಿಸಿ ನೋಡಿದಾಗ ಚಿತ್ರ ಬದಲಾಯಿತು. ಹೆಚ್ಚುವರಿ 18 ಗಂಟೆಗಳಲ್ಲಿ 5 ಗಂಟೆ ಹೋದದ್ದು ಕಾಗದದ ಪ್ಯಾಟರ್ನ್ ಸಿದ್ಧಪಡಿಸಲು. ಫೋಮಿನ ಮೇಲೆ ಟೇಪು ಸುತ್ತಿ, ಗೆರೆ ಎಳೆದು, ಬಿಡಿಸಿ, ಹೊಲಿಗೆಯ ಅಂಚು ಸೇರಿಸಿ, ರಟ್ಟಿನ ಮೇಲೆ ಪ್ರತಿ ತೆಗೆದ ಕೆಲಸವದು. ರೋಡ್‌ಕಿಂಗ್‌ನ ಮುಂದಿನ ಪ್ರತಿ ಸೀಟಿಗೂ ಆ ರಟ್ಟು ಉಪಯೋಗಕ್ಕೆ ಬರುತ್ತದೆ. ಆ 625 ರೂಪಾಯಿ ನಷ್ಟವಲ್ಲ, ಒಂದು ಉಪಕರಣ. ಉಳಿದ 3,205 ರೂಪಾಯಿ ಕಲಿಕೆಯ ವೆಚ್ಚ. ಇದು ಮುಂದಿನ ಸೀಟಿನಲ್ಲಿ ಇದೇ ಪ್ರಮಾಣದಲ್ಲಿ ಮರುಕಳಿಸುವುದಿಲ್ಲ. ನಮ್ಮ ಮಿತ್ರರು ಒಂದೇ ಒಂದು ಬಾರಿ ಮಾಡುವ ಖರ್ಚನ್ನು ಪ್ರತಿ ಬಾರಿಯ ಖರ್ಚೆಂದು ಭಾವಿಸಿ ಕಸುಬನ್ನೇ ಬಿಡಲು ಹೊರಟಿದ್ದರು.

ನಾನು ಪೂರ್ತಿ ವ್ಯತ್ಯಾಸವನ್ನು ಕೊಡಲು ಮುಂದಾದೆ. “ಮಾತು ಮಾತೇ ಸಾರ್” ಎಂದು ಅವರು ಒಪ್ಪಲಿಲ್ಲ. ಚೌಕಾಸಿ ಮಾಡಿದ್ದ 500 ರೂಪಾಯಿಯನ್ನು ಮಾತ್ರ ತೆಗೆದುಕೊಂಡರು. ಹೀಗೆ ಅವರ ನಷ್ಟ 2,210ಕ್ಕೆ ನಿಂತಿತು.

ಕಲಿಕೆಯ ರೇಖೆ

ಅಮೆರಿಕದ ವಿಮಾನ ಇಂಜಿನಿಯರ್ ಟಿ. ಪಿ. ರೈಟ್ ಅವರು 1936ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ವೆಚ್ಚ ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ವಿಮಾನ ತಯಾರಿಕೆಯಲ್ಲಿ ಒಟ್ಟು ಸಂಖ್ಯೆ ಇಮ್ಮಡಿಯಾದಂತೆಲ್ಲ ಒಂದಕ್ಕೆ ತಗಲುವ ಸರಾಸರಿ ಶ್ರಮ ಹಿಂದಿನದರ ಶೇಕಡಾ 80ಕ್ಕೆ ಇಳಿಯುತ್ತದೆಂದು ಅವರು ತೋರಿಸಿದರು. ನಮ್ಮ ಸೀಟಿಗೆ ಈ ಸೂತ್ರವನ್ನು ಅನ್ವಯಿಸಿದರೆ ಮೊದಲನೆಯದಕ್ಕೆ 26 ಗಂಟೆ. ಎರಡರ ಸರಾಸರಿ 20.8 ಗಂಟೆ, ಅಂದರೆ ಎರಡನೆಯದಕ್ಕೆ 15.6 ಗಂಟೆ. ಮುಂದೆ ಮತ್ತಿಬ್ಬರು ಯೆಜ್ಡಿ ಮಾಲೀಕರು ನನ್ನ ಸೀಟನ್ನು ನೋಡಿ ಅವರ ಬಳಿ ಹೋದಾಗ ಎರಡನೆಯ ಸೀಟಿಗೆ 15 ಗಂಟೆ, ಮೂರನೆಯದಕ್ಕೆ 11 ಗಂಟೆ ಹಿಡಿಯಿತು. ಮೂರು ಸೀಟುಗಳಿಂದ ಸೂತ್ರ ಸಿದ್ಧವಾಗುವುದಿಲ್ಲ. ವಾಹನದ ಮಾದರಿ ಬದಲಾದರೆ ಪ್ಯಾಟರ್ನ್ ಕೆಲಸ ಮತ್ತೆ ಮೊದಲಿನಿಂದ. ನಡುವೆ ಆರು ತಿಂಗಳು ಬಿಡುವಾದರೆ ಕೈಯ ಹದವೂ ತಪ್ಪುತ್ತದೆ. ಆದರೂ ದಿಕ್ಕು ಸ್ಪಷ್ಟ.

ಆ ಎರಡು ಸೀಟುಗಳಿಗೆ ಅವರು ತಲಾ 5,500 ರೂಪಾಯಿ ಬೆಲೆ ಹೇಳಿದರು. ಚರ್ಮ 9 ಚದರಡಿ ಎಂದು ಹಿಡಿದು, ಎರಡನೆಯದರ ವೆಚ್ಚ 3,915, ಉಳಿಕೆ 1,585. ಮೂರನೆಯದರ ವೆಚ್ಚ 3,415, ಉಳಿಕೆ 2,085. ಎರಡೂ ಸೇರಿ 3,670. ಮೊದಲ ಸೀಟಿನ 2,210 ತೀರಿ 1,460 ರೂಪಾಯಿ ಮಿಕ್ಕಿತು. ಇದೇನು ದೊಡ್ಡ ಸಂಪಾದನೆಯಲ್ಲ. ಆದರೆ ಅಂದು ಸಂಜೆ ಲೆಕ್ಕ ಬರೆಯದಿದ್ದರೆ ಆ ಎರಡು ಆರ್ಡರುಗಳನ್ನು ಅವರು ಹಿಂದಿರುಗಿಸುತ್ತಿದ್ದರು.

ಉದ್ದಿಮೆದಾರರು ಏನು ಮಾಡಬಹುದು

ಕಲಿಕೆಯ ವೆಚ್ಚವನ್ನು ಯಾರು ಹೊರಬೇಕು? ಮೊದಲ ಗಿರಾಕಿಯೇ ಹೊರಲಿ ಎನ್ನುವವರಿದ್ದಾರೆ. ಅದು ನ್ಯಾಯವಲ್ಲ, ಆತ ಕೇಳಿದ್ದು ಒಂದು ಸೀಟನ್ನು, ತಯಾರಕನ ತರಬೇತಿಯನ್ನಲ್ಲ. 6,710ರ ಮೇಲೆ ಲಾಭ ಸೇರಿಸಿ ಬೆಲೆ ಹೇಳಿದರೆ ಆತ ಹಿಂದಿರುಗಿ ಬರುವುದೂ ಇಲ್ಲ. ಹಾಗೆಂದು ನಷ್ಟವನ್ನು ಮರೆತುಬಿಡುವುದೂ ತಪ್ಪು. ಮರೆತ ನಷ್ಟ ಮುಂದಿನ ಆರ್ಡರಿನ ಬೆಲೆಯಲ್ಲಿ ಭಯವಾಗಿಯೋ ಹುಂಬತನವಾಗಿಯೋ ಕಾಣಿಸಿಕೊಳ್ಳುತ್ತದೆ. ಲೆಕ್ಕಪತ್ರ ಮಾನದಂಡ 2 ಕೂಡ ಅಸಹಜ ಪ್ರಮಾಣದಲ್ಲಿ ವ್ಯರ್ಥವಾದ ಸಾಮಗ್ರಿ ಮತ್ತು ಶ್ರಮವನ್ನು ದಾಸ್ತಾನಿನ ವೆಚ್ಚಕ್ಕೆ ಸೇರಿಸದೆ ಆ ಅವಧಿಯ ಖರ್ಚಾಗಿ ತೋರಿಸಬೇಕೆಂದು ಹೇಳುತ್ತದೆ. ಸಣ್ಣ ಅಂಗಡಿಗೂ ಈ ವಿವೇಕ ಅನ್ವಯಿಸುತ್ತದೆ.

ಆದ್ದರಿಂದ ನನ್ನ ಸಲಹೆಗಳು ಇವು. ಮೊದಲನೆಯದಾಗಿ, ಹೊಸ ಬಗೆಯ ಪ್ರತಿ ಕೆಲಸಕ್ಕೂ ಒಂದು ಪ್ರತ್ಯೇಕ ಜಾಬ್ ಕಾರ್ಡ್ ಇರಲಿ. ಅದರಲ್ಲಿ ನೇರ ವೆಚ್ಚ, ಪ್ಯಾಟರ್ನ್ ಮತ್ತು ಉಪಕರಣ, ಕಲಿಕೆಯ ವೆಚ್ಚ ಎಂದು ಮೂರು ಅಂಕಣಗಳಿರಲಿ. ಎರಡನೆಯದಾಗಿ, ಗಿರಾಕಿಗೆ ಇದು ಮೊದಲ ಪ್ರಯತ್ನವೆಂದು ಮುಚ್ಚುಮರೆಯಿಲ್ಲದೆ ತಿಳಿಸಿ, ಸಾಮಗ್ರಿಯ ಪೂರ್ತಿ ಬೆಲೆಯನ್ನು ಮುಂಗಡವಾಗಿ ಪಡೆಯಿರಿ. ಅವಧಿಯನ್ನೂ ಉದಾರವಾಗಿ ಇಟ್ಟುಕೊಳ್ಳಿ. ಮೂರನೆಯದಾಗಿ, ಬೆಲೆಬಾಳುವ ಸಾಮಗ್ರಿಗೆ ಕತ್ತರಿ ಹಾಕುವ ಮುನ್ನ ಅಗ್ಗದ ರೆಕ್ಸಿನ್ನಿನಲ್ಲಿ ಒಮ್ಮೆ ಹೊಲಿದು ಕೂರಿಸಿ ನೋಡಿ. ಇನ್ನೂರು ರೂಪಾಯಿಯ ರೆಕ್ಸಿನ್ ಇಲ್ಲಿ 1,280 ರೂಪಾಯಿಯ ಚರ್ಮವನ್ನು ಪೂರ್ತಿಯಲ್ಲದಿದ್ದರೂ ಬಹುಪಾಲು ಉಳಿಸುತ್ತಿತ್ತು. ನಾಲ್ಕನೆಯದಾಗಿ, ಹೊಸ ವಸ್ತುವಿನ ಲಾಭನಷ್ಟವನ್ನು ಮೊದಲ ನಗದಿನಿಂದ ತೀರ್ಮಾನಿಸದೆ ಕನಿಷ್ಠ ಮೂರು ನಗಗಳ ತನಕ ಕಾಯಿರಿ.

ತೆರಿಗೆಯ ಒಂದು ಅಂಶವನ್ನೂ ಗಮನಿಸಬೇಕು. ಸ್ವಂತ ಸಾಮಗ್ರಿಯಿಂದ ಹೊಸ ಸೀಟು ತಯಾರಿಸಿ ಮಾರಿದರೆ ಅದು ಸರಕಿನ ಪೂರೈಕೆ. 2025ರ ಸೆಪ್ಟೆಂಬರ್ 22ರಿಂದ ಮೋಟಾರ್ ಸೈಕಲ್ ಸೀಟಿನ ಮೇಲಿನ ದರ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಗಿರಾಕಿಯೇ ತಂದ ಸೀಟು ಮತ್ತು ಚರ್ಮದ ಮೇಲೆ ಕೆಲಸ ಮಾಡಿಕೊಟ್ಟರೆ, 2017ರ ಕೇಂದ್ರ ಜಿಎಸ್‌ಟಿ ಅಧಿನಿಯಮದ ಎರಡನೆಯ ಅನುಸೂಚಿಯಂತೆ ಅದು ಸೇವೆಯ ಪೂರೈಕೆ. ಕೇವಲ ಸರಕು ಪೂರೈಸುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿಯ ಮಿತಿ 40 ಲಕ್ಷ ರೂಪಾಯಿ ವಹಿವಾಟು. ಸೇವೆ ಒದಗಿಸುವವರಿಗೆ 20 ಲಕ್ಷ. ಎರಡನ್ನೂ ಬೆರೆಸಿ ಮಾಡುವವರು ತಮ್ಮ ಬಿಲ್ಲುಗಳನ್ನು ಸಲಹೆಗಾರರಿಗೆ ಮೊದಲೇ ತೋರಿಸುವುದು ಒಳಿತು.

ಸಂಸ್ಥೆಯ ಪಾತ್ರ

ಚರ್ಮದ ಕೆಲಸದ ಕೌಶಲ ನಮ್ಮ ನಾಡಿಗೆ ಹೊಸದಲ್ಲ. ಭೌಗೋಳಿಕ ಸೂಚಕ ಪಡೆದಿರುವ ಕೊಲ್ಹಾಪುರಿ ಚಪ್ಪಲಿಯ ಎಂಟು ಜಿಲ್ಲೆಗಳಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಎಂಬ ನಾಲ್ಕು ನಮ್ಮವೇ. 1976ರಲ್ಲಿ ಸ್ಥಾಪನೆಯಾದ ಲಿಡ್ಕರ್ ನಿಗಮ ನಮ್ಮ ರಾಜ್ಯದಲ್ಲಿದೆ; ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ನೆರೆಯ ಚೆನ್ನೈಯಲ್ಲಿದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚರ್ಮಕಾರರದೂ ಒಂದು. ನಮ್ಮಲ್ಲಿ ಕೊರತೆಯಿರುವುದು ಹೊಸ ವಸ್ತುವಿನ ಮೊದಲ ಲೆಕ್ಕವನ್ನು ಬರೆಯುವ ಅಭ್ಯಾಸಕ್ಕೆ. ವರ್ಷಕ್ಕೊಮ್ಮೆ ಒಂದು ದಿನದ ವೆಚ್ಚ ಲೆಕ್ಕದ ಶಿಬಿರವನ್ನು ಸಣ್ಣ ಕುಶಲಕರ್ಮಿಗಳಿಗಾಗಿ ನಮ್ಮ ವಾಣಿಜ್ಯ ಸಂಸ್ಥೆ ಏರ್ಪಡಿಸಬಹುದು. ನಾಲ್ಕಾರು ಜನ ಸೇರಿ ಅರ್ಧ ತೊಗಲನ್ನು ಕೊಂಡು ಹಂಚಿಕೊಳ್ಳುವ ವ್ಯವಸ್ಥೆಗೂ ನೆರವಾಗಬಹುದು. ಸದಸ್ಯರು ಈ ಬಗ್ಗೆ ಯೋಚಿಸಬೇಕೆಂದು ವಿನಂತಿಸುತ್ತೇನೆ.

ಗಿರಾಕಿಗಳಾದ ನಮಗೂ ಒಂದು ಮಾತು. ಮೊದಲ ಬಾರಿಗೆ ಒಂದು ವಸ್ತುವನ್ನು ಮಾಡಿಕೊಡುವವನೊಡನೆ ಚೌಕಾಸಿ ಮಾಡುವಾಗ, ನಾವು ಕಡಿಮೆ ಮಾಡಿಸುತ್ತಿರುವುದು ಅವನ ಲಾಭವನ್ನೋ, ಇನ್ನೂ ಅವನಿಗೇ ತಿಳಿಯದ ನಷ್ಟವನ್ನು ಹೆಚ್ಚಿಸುತ್ತಿದ್ದೇವೆಯೋ ಎಂದು ಒಂದು ಕ್ಷಣ ಯೋಚಿಸೋಣ. ಆ 500 ರೂಪಾಯಿಯನ್ನು ಹಿಂದಿರುಗಿಸಿದ ನಂತರವೂ ನನಗೆ ಸಂಕೋಚ ಪೂರ್ತಿ ಹೋಗಿಲ್ಲ. ಮೊನ್ನೆ ಅವರ ಅಂಗಡಿಗೆ ಹೋದಾಗ ರೋಡ್‌ಕಿಂಗ್ ಸೀಟಿನ ರಟ್ಟಿನ ಪ್ಯಾಟರ್ನ್ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದರ ಪಕ್ಕದ ಮೊಳೆಯಲ್ಲಿ ಬೇರೊಂದು ವಾಹನದ ಪ್ಯಾಟರ್ನ್, ಅದಕ್ಕೆ ಪಿನ್ನು ಚುಚ್ಚಿದ ಒಂದು ಜಾಬ್ ಕಾರ್ಡ್. ಮೂರೂ ಅಂಕಣಗಳು ತುಂಬಿದ್ದವು.